ಸಂಶಯದ ಲಾಭ ಯಾರಿಗೆ?

(ಸಂಘದ ವಾರ್ಷಿಕ ವಿದ್ಯಾರ್ಥಿ ಸಮಾವೇಶದಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



'ಕ್ರಿಮಿನಲ್ ವಿಚಾರಣೆ ಮತ್ತು ಶಿಕ್ಷೆ: ಅಂದು ಮತ್ತು ಇಂದು' ಎಂಬ ವಿಷಯವನ್ನು ನನಗೆ ಕೊಟ್ಟಿದ್ದಾರೆ. ವರ್ಷವಿಡೀ ಪಾಠ ಮಾಡಿದರೂ ಮುಗಿಯದ ವಿಷಯವಿದು. ನನಗಿರುವುದು ಮುಕ್ಕಾಲು ಗಂಟೆ, ಊಟದ ಹೊತ್ತೂ ಹತ್ತಿರವಾಗುತ್ತಿದೆ. ಆದ್ದರಿಂದ ಎಲ್ಲವನ್ನೂ ಹೇಳುವ ಸಾಹಸಕ್ಕೆ ಹೋಗದೆ ಒಂದೇ ಒಂದು ಪ್ರಶ್ನೆಯನ್ನು ಹಿಡಿದುಕೊಳ್ಳುತ್ತೇನೆ. ಒಬ್ಬ ಮನುಷ್ಯ ತಪ್ಪು ಮಾಡಿದ್ದಾನೋ ಇಲ್ಲವೋ ಎಂಬುದು ಖಚಿತವಾಗದಿದ್ದಾಗ ಆ ಸಂಶಯದ ಲಾಭ ಯಾರಿಗೆ ಸಲ್ಲಬೇಕು?

ನಾನು ವಕೀಲನೆಂದು ಗೊತ್ತಾದ ಕೂಡಲೇ, ಮದುವೆ ಮನೆಯಲ್ಲಾಗಲಿ ಬಸ್ಸಿನಲ್ಲಾಗಲಿ, ಜನ ಕೇಳುವ ಮೊದಲ ಪ್ರಶ್ನೆ ಒಂದೇ. "ಅವನೇ ಮಾಡಿದ್ದು ಅಂತ ಗೊತ್ತಿದ್ದೂ ಅವನ ಪರವಾಗಿ ಹೇಗೆ ನಿಲ್ಲುತ್ತೀರಿ?" ಇವತ್ತು ಬೆಳಿಗ್ಗೆ ಈ ಸಭಾಂಗಣದ ಬಾಗಿಲಲ್ಲೇ ಒಬ್ಬ ಪಿಯುಸಿ ಹುಡುಗ ಇದನ್ನು ಕೇಳಿದ. "ಗೊತ್ತಿರುವುದು ಯಾರಿಗಪ್ಪಾ? ಹೇಗೆ ಗೊತ್ತಾಯಿತು?" ಎಂದು ನಾನು ಮರುಪ್ರಶ್ನೆ ಹಾಕಿದೆ. ಸ್ವಲ್ಪ ಯೋಚಿಸಿ, "ಪೇಪರಿನಲ್ಲಿ ಬಂದಿತ್ತಲ್ಲ ಸಾರ್" ಎಂದ. ಪೇಪರಿಗೆ ಯಾರು ಹೇಳಿದರು? ಪೊಲೀಸರು. ಪೊಲೀಸರಿಗೆ? ಅಷ್ಟರಲ್ಲಿ ಕಿರಾಅತ್ ಶುರುವಾಯಿತು, ನಮ್ಮ ಮಾತು ಅಲ್ಲಿಗೇ ನಿಂತಿತು. ಅಲ್ಲಿಂದಲೇ ಮುಂದುವರಿಸುತ್ತೇನೆ.

ನಾವೆಲ್ಲರೂ ಮದ್ರಸಾದಲ್ಲಿ ಕೇಳಿರುವ ಒಂದು ಪ್ರಸಂಗವಿದೆ. ಖಲೀಫ ಅಲೀ(ರ)ರವರ ಕಳೆದುಹೋದ ಯುದ್ಧಕವಚ ಒಬ್ಬ ಯಹೂದಿಯ ಬಳಿ ಕಾಣಿಸುತ್ತದೆ. ಅವನು ಕ್ರೈಸ್ತನಾಗಿದ್ದನೆಂದು ಹೇಳುವ ಪಾಠವೂ ಇದೆ. ಮೊಕದ್ದಮೆ ಖಾಝಿ ಶುರೈಹ್‌ರ ಮುಂದೆ ಬರುತ್ತದೆ. ಖಲೀಫರು ತಮ್ಮ ಪರವಾಗಿ ಮಗನನ್ನು ಸಾಕ್ಷಿಯಾಗಿ ತರುತ್ತಾರೆ. ತಂದೆಯ ಪರವಾಗಿ ಮಗನ ಸಾಕ್ಷ್ಯ ನಡೆಯುವುದಿಲ್ಲವೆಂದು ಖಾಝಿ ತೀರ್ಪು ಕೊಡುತ್ತಾರೆ. ಕವಚ ಎದುರಾಳಿಗೇ ಹೋಗುತ್ತದೆ. ಈ ಕಥನವನ್ನು ನಾವು ಸಮಾನತೆಗೆ ಉದಾಹರಣೆಯಾಗಿ ಹೇಳುತ್ತೇವೆ, ಹೇಳಬೇಕಾದದ್ದೇ. ಆದರೆ ವಕೀಲನಾಗಿ ನನ್ನನ್ನು ಹಿಡಿದು ನಿಲ್ಲಿಸುವುದು ಅದರ ಇನ್ನೊಂದು ಮಗ್ಗುಲು. ಕಥನದ ಒಂದು ಪಾಠದಲ್ಲಿ ಖಾಝಿಯವರು ಖಲೀಫರ ಮಾತು ನಿಜವೆಂದೇ ತಾವು ನಂಬುವುದಾಗಿ ಹೇಳುತ್ತಾರೆ. ನಂಬುತ್ತಾರೆ, ಆದರೂ ಅವರ ವಿರುದ್ಧ ತೀರ್ಪು ಕೊಡುತ್ತಾರೆ. ಏಕೆ? ನ್ಯಾಯಾಧೀಶನಿಗೆ ಮನಸ್ಸಿನಲ್ಲಿ ಗೊತ್ತಿರುವುದು ಬೇರೆ, ನ್ಯಾಯಾಲಯದಲ್ಲಿ ಸಾಬೀತಾಗಿರುವುದು ಬೇರೆ. ಈ ಎರಡರ ನಡುವಿನ ಗೆರೆಯನ್ನು ಅಳಿಸಿಬಿಟ್ಟರೆ ವಿಚಾರಣೆ ಎಂಬುದೇ ಉಳಿಯುವುದಿಲ್ಲ. ಅದೊಂದು ಸಿವಿಲ್ ವ್ಯಾಜ್ಯ, ಹೋಗುವುದೇನಿದ್ದರೂ ಒಂದು ಕವಚ. ಹೋಗುವುದು ಮನುಷ್ಯನ ಕೈಯೋ ಪ್ರಾಣವೋ ಆಗಿದ್ದರೆ ಎಷ್ಟು ಎಚ್ಚರ ಬೇಕು?

ಇಸ್ಲಾಮೀ ಫಿಕ್ಹ್‌ನಲ್ಲಿ ಇದಕ್ಕೆ ಒಂದು ಸೂತ್ರವೇ ಇದೆ. ಸಂಶಯವಿರುವಲ್ಲಿ ಹದ್ದ್ ಶಿಕ್ಷೆಗಳನ್ನು ತಪ್ಪಿಸಬೇಕು. ಕ್ಷಮಿಸುವಲ್ಲಿ ಆಡಳಿತಗಾರ ತಪ್ಪುವುದು ಶಿಕ್ಷಿಸುವಲ್ಲಿ ತಪ್ಪುವುದಕ್ಕಿಂತ ಮೇಲು ಎಂಬ ಅರ್ಥದ ವರದಿಯೊಂದು ಒಂಬತ್ತನೆಯ ಶತಮಾನದ ತಿರ್ಮಿದಿ ಸಂಗ್ರಹದಲ್ಲಿದೆ. ಅದರ ವರದಿ ಸರಣಿಯ ಬಗ್ಗೆ ಹದೀಸ್ ವಿದ್ವಾಂಸರಲ್ಲಿ ಚರ್ಚೆಯಿದೆ, ವೇದಿಕೆಯಲ್ಲಿರುವ ಉಲಮಾಗಳು ಅದನ್ನು ನನಗಿಂತ ಚೆನ್ನಾಗಿ ಬಲ್ಲರು. ಆದರೆ ಅದರ ತಿರುಳನ್ನು ಫಿಕ್ಹ್ ಪಂಡಿತರು ಶತಮಾನಗಳ ಕಾಲ ಕಾನೂನಾಗಿ ನಡೆಸಿದರು. ನಿರಪರಾಧಿ ಒಬ್ಬ ನರಳುವುದಕ್ಕಿಂತ ಹತ್ತು ಅಪರಾಧಿಗಳು ಪಾರಾಗುವುದು ಲೇಸು ಎಂಬ ಅರ್ಥದ ಮಾತಿಗಾಗಿ ಇಂಗ್ಲೆಂಡಿನ ಬ್ಲ್ಯಾಕ್‌ಸ್ಟೋನ್‌ರನ್ನು ಕಾನೂನು ಕಾಲೇಜುಗಳಲ್ಲಿ ಇಂದಿಗೂ ನೆನೆಯುತ್ತಾರೆ. ಅವರು ಅದನ್ನು ಬರೆದದ್ದು 1760ರ ದಶಕದಲ್ಲಿ. ನಮಗೇ ಮೊದಲು ಗೊತ್ತಿತ್ತು ಎಂದು ಮೀಸೆ ತಿರುವುವುದಕ್ಕೆ ಇದನ್ನು ಹೇಳುತ್ತಿಲ್ಲ. ಗೊತ್ತಿದ್ದೂ ಅದರಂತೆ ನಡೆಯದ ಅರಸರು ನಮ್ಮ ಇತಿಹಾಸದಲ್ಲೂ ಬೇಕಾದಷ್ಟಿದ್ದಾರೆ. ಸಂಶಯವು ಆರೋಪಿಯ ಪಾಲಿಗೆ ಸಲ್ಲಬೇಕೆಂಬುದು ಯಾವುದೋ ಒಂದು ದೇಶದ ವಕೀಲರು ಹೂಡಿದ ಉಪಾಯವಲ್ಲ ಎಂಬುದಷ್ಟೇ ನನ್ನ ಮಾತು.

ಹಾಗಾದರೆ ಇಸ್ಲಾಮ್ ಮೃದುವೋ ಎಂದು ಕೇಳಬಹುದು. ಮಖ್‌ಝೂಮ್ ಗೋತ್ರದ ಶ್ರೀಮಂತ ಮನೆತನದ ಮಹಿಳೆಯೊಬ್ಬಳು ಕಳ್ಳತನ ಮಾಡಿ ಸಿಕ್ಕಿಬಿದ್ದಾಗ, ಅವಳ ಪರವಾಗಿ ಶಿಫಾರಸು ಮಾಡಲು ಕುರೈಶರು ಉಸಾಮಾ(ರ)ರನ್ನು ಪ್ರವಾದಿ(ಸ)ಯವರ ಬಳಿಗೆ ಕಳುಹಿಸಿದರು. ಪ್ರವಾದಿ(ಸ)ಯವರು ಕೋಪಗೊಂಡರು. ಹಿಂದಿನ ಜನಾಂಗಗಳು ನಾಶವಾದದ್ದೇ ಕುಲೀನ ಕದ್ದರೆ ಬಿಟ್ಟು ಬಡವ ಕದ್ದರೆ ಶಿಕ್ಷಿಸುತ್ತಿದ್ದುದರಿಂದ ಎಂದರು. ತಮ್ಮ ಸ್ವಂತ ಮಗಳಾದರೂ ಬಿಡುತ್ತಿರಲಿಲ್ಲವೆಂದು ಸ್ಪಷ್ಟಪಡಿಸಿದರು. ಸಾಬೀತಾದ ಮೇಲೆ ಮುಖ ನೋಡಿ ಮಣೆ ಹಾಕುವಂತಿಲ್ಲ.

ಆದರೆ ಸಾಬೀತಾದ ಮೇಲೂ ಎಲ್ಲರಿಗೂ ಒಂದೇ ಶಿಕ್ಷೆಯೇ? ಇಲ್ಲಿ ಉಮರ್(ರ)ರವರ ಕಾಲದ ಒಂದು ಪ್ರಕರಣವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಇಮಾಮ್ ಮಾಲಿಕ್‌ರ 'ಮುವತ್ತಾ'ದಲ್ಲಿ ಇದು ದಾಖಲಾಗಿದೆ. ಹಾತಿಬ್ ಎಂಬವರ ಗುಲಾಮರು ಮುಝೈನಾ ಗೋತ್ರದವನೊಬ್ಬನ ಹೆಣ್ಣೊಂಟೆಯನ್ನು ಕದ್ದು ಕೊಯ್ದುಬಿಟ್ಟರು. ಸಂಶಯಕ್ಕೆ ಎಡೆಯೇ ಇರಲಿಲ್ಲ. ಉಮರ್(ರ) ಮೊದಲು ಕೈ ಕತ್ತರಿಸಲು ಆಜ್ಞೆ ಮಾಡಿದರು. ಆಮೇಲೆ ಮಾಲಿಕನತ್ತ ತಿರುಗಿ, ನೀನು ಇವರನ್ನು ಹಸಿವಿನಲ್ಲಿ ಇಟ್ಟಿರುವಂತೆ ಕಾಣುತ್ತದೆ ಎಂಬರ್ಥದಲ್ಲಿ ಹೇಳಿದರು. ಒಂಟೆಯ ಬೆಲೆ ಎಷ್ಟೆಂದು ಒಡೆಯನನ್ನು ವಿಚಾರಿಸಿದರು. ನಾನೂರು ದಿರ್ಹಮ್‌ಗೂ ಕೊಟ್ಟಿರಲಿಲ್ಲ ಎಂದ ಅವನು. ಎಂಟುನೂರು ಕೊಡು ಎಂದು ಗುಲಾಮರ ಮಾಲಿಕನಿಗೆ ಆಜ್ಞೆಯಾಯಿತು.

ಆ ನ್ಯಾಯಸ್ಥಾನದಲ್ಲಿ ನಡೆದದ್ದೇನೆಂದು ಗಮನಿಸಿ. 'ಯಾರು ಕದ್ದರು?' ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿದ ಮೇಲೆ ನ್ಯಾಯಾಧೀಶರು ಎದ್ದು ಹೋಗಲಿಲ್ಲ. 'ಏಕೆ ಕದ್ದರು?' ಎಂಬ ಎರಡನೆಯ ಪ್ರಶ್ನೆ ಕೇಳಿದರು. ಆ ಎರಡನೆಯ ಪ್ರಶ್ನೆಯ ಉತ್ತರ ಕಟಕಟೆಯಲ್ಲಿ ನಿಂತವರಿಂದ ಜಾರಿ, ಪಕ್ಕದಲ್ಲಿ ಗೌರವಸ್ಥನಾಗಿ ನಿಂತಿದ್ದವನ ಕೊರಳಿಗೆ ಬಿತ್ತು. ಮದೀನಾದಲ್ಲಿ ಹಿಜ್ರಿ 18ರ ಕ್ಷಾಮ ಬಂದಾಗ ಕಳ್ಳತನಕ್ಕೆ ಕೈ ಕತ್ತರಿಸುವುದನ್ನು ಅವರು ನಿಲ್ಲಿಸಿದ್ದರೆಂಬುದೂ ಪ್ರಸಿದ್ಧವಾದದ್ದೇ. ಅಪರಾಧ ಸಾಬೀತಾಯಿತೇ ಎಂಬುದು ಒಂದು ವಿಚಾರಣೆ, ಈ ಮನುಷ್ಯನಿಗೆ ಯಾವ ಶಿಕ್ಷೆ ಎಂಬುದು ಇನ್ನೊಂದು. ಭಾರತದ ಕಾನೂನು ಈ ಎರಡನ್ನೂ ಸ್ಪಷ್ಟವಾಗಿ ಬೇರ್ಪಡಿಸಿದ್ದು 1973ರಲ್ಲಿ. ಆ ಕಥೆಗೆ ಬರುತ್ತೇನೆ. ಅದಕ್ಕೆ ಮೊದಲು ಬಂಗಾಳಕ್ಕೆ ಹೋಗಬೇಕು, ನಾವು ಇಂದು ಕಾಣುವ ನ್ಯಾಯಾಲಯಗಳ ಬೇರು ಬಹುಮಟ್ಟಿಗೆ ಅಲ್ಲಿದೆ.

1772ರಲ್ಲಿ ವಾರನ್ ಹೇಸ್ಟಿಂಗ್ಸ್ ಬಂಗಾಳದಲ್ಲಿ ಅದಾಲತ್‌ಗಳನ್ನು ವ್ಯವಸ್ಥೆಗೊಳಿಸಿದಾಗ ಕ್ರಿಮಿನಲ್ ಮೊಕದ್ದಮೆಗಳಿಗೆ ಮೊಘಲರ ಕಾಲದಿಂದ ನಡೆದುಬಂದ ಇಸ್ಲಾಮೀ ಕಾನೂನನ್ನೇ ಉಳಿಸಿಕೊಂಡರು. ಫೌಜುದಾರಿ ಅದಾಲತ್‌ನಲ್ಲಿ ಖಾಝಿ, ಮುಫ್ತಿ, ಮೌಲವಿಗಳು ಕೂರುತ್ತಿದ್ದರು. ಆ ಕಾನೂನಿನ ಬಗ್ಗೆ ಇಂಗ್ಲಿಷರ ದೂರು ಏನಾಗಿತ್ತು ಗೊತ್ತೇ? ಕ್ರೂರವೆಂದಲ್ಲ, ಬಹಳ ಮೃದುವೆಂದು! ಡಕಾಯಿತರನ್ನು ಅವರವರ ಹಳ್ಳಿಯಲ್ಲೇ ಕೊಲ್ಲಬೇಕು, ಅವರ ಕುಟುಂಬದವರನ್ನು ಸರ್ಕಾರದ ಗುಲಾಮರನ್ನಾಗಿ ಮಾಡಬೇಕು, ಹಳ್ಳಿಗೆ ದಂಡ ಹಾಕಬೇಕು ಎಂದು ಹೇಸ್ಟಿಂಗ್ಸ್‌ರ 1772ರ ನಿಯಮ ಹೇಳಿತು. ದರೋಡೆಯಲ್ಲಿ ಕೊಲೆ ನಡೆಯದಿದ್ದರೆ ಪ್ರಾಣ ತೆಗೆಯುವಂತಿಲ್ಲವೆಂದು ಕಾನೂನು ಪಂಡಿತರು ಅಡ್ಡಿಯೆತ್ತಿದರು. ರಕ್ತ ಹರಿಸುವುದಕ್ಕೆ ಹೇಸುವ ಕಾನೂನೆಂದು ಹೇಸ್ಟಿಂಗ್ಸ್ ಅಸಮಾಧಾನ ತೋರಿದರು. ಗಂಡನ ತಪ್ಪಿಗೆ ಹೆಂಡತಿ ಮಕ್ಕಳು ಗುಲಾಮರಾಗುವುದು ಯಾವ ನ್ಯಾಯ ಎಂದು ನೀವೇ ಹೇಳಿ.

ಅದೇ ಹೊತ್ತಿನಲ್ಲಿ ಇಂಗ್ಲೆಂಡಿನಲ್ಲಿ ಅಂಗಡಿಯಿಂದ ಐದು ಶಿಲ್ಲಿಂಗ್ ಬೆಲೆಯ ಸಾಮಾನು ಕದ್ದವನಿಗೂ ಕಾನೂನಿನಲ್ಲಿ ಗಲ್ಲು ಇತ್ತು. ಗಂಭೀರ ಅಪರಾಧದ ಆರೋಪಿಯ ವಕೀಲ ಜ್ಯೂರಿಯನ್ನು ಉದ್ದೇಶಿಸಿ ವಾದ ಮಾಡುವ ಹಕ್ಕು ಅಲ್ಲಿ ಬಂದದ್ದು 1836ರಲ್ಲಿ. ಆ ಕಾನೂನು ಸಮುದ್ರ ದಾಟಿ ಕಲ್ಕತ್ತಕ್ಕೂ ಬಂತು. ಮಹಾರಾಜ ನಂದಕುಮಾರ 1775ರ ಮಾರ್ಚ್‌ನಲ್ಲಿ ಹೇಸ್ಟಿಂಗ್ಸ್‌ರ ಮೇಲೆ ಲಂಚದ ಆರೋಪ ಹೊರಿಸಿದರು. ಕೆಲವೇ ವಾರಗಳಲ್ಲಿ ಹಳೆಯ ಸಾಲಪತ್ರವೊಂದರ ಫೋರ್ಜರಿ ಆರೋಪ ಅವರ ಮೇಲೇ ಬಂತು. ಕಲ್ಕತ್ತದ ಸುಪ್ರೀಂ ಕೋರ್ಟಿನಲ್ಲಿ ಮುಖ್ಯ ನ್ಯಾಯಾಧೀಶ ಇಂಪೇಯವರ ಮುಂದೆ, ಯುರೋಪಿಯನ್ ಜ್ಯೂರಿಯ ಎದುರು ವಿಚಾರಣೆ ನಡೆಯಿತು. 1775ರ ಆಗಸ್ಟ್ 5ರಂದು ಅವರನ್ನು ಗಲ್ಲಿಗೇರಿಸಿದರು. ಫೋರ್ಜರಿಗೆ ಇಂಗ್ಲೆಂಡಿನಲ್ಲಿ ಗಲ್ಲು ಇತ್ತು, ಈ ನೆಲದ ಕಾನೂನಿನಲ್ಲಿ ಇರಲಿಲ್ಲ. ಒಬ್ಬ ಹಿಂದೂ ಬ್ರಾಹ್ಮಣನಿಗೆ ಆ ದಿನ ಖಾಝಿಯ ಕಾನೂನು ಸಿಕ್ಕಿದ್ದರೆ ತಲೆ ಉಳಿಯುತ್ತಿತ್ತು ಎಂಬುದನ್ನು ಚರಿತ್ರೆ ಓದುವ ವಿದ್ಯಾರ್ಥಿಗಳು ನೆನಪಿಟ್ಟುಕೊಳ್ಳಿ.

ಇಷ್ಟು ಹೇಳಿ ಇನ್ನೊಂದು ಮುಖವನ್ನು ಮುಚ್ಚಿಟ್ಟರೆ ನಾನು ಪ್ರಾಮಾಣಿಕನಲ್ಲ. ಆ ಅದಾಲತ್‌ಗಳಲ್ಲಿ ದೋಷಗಳಿದ್ದವು. ಮುಸ್ಲಿಮೇತರನ ಸಾಕ್ಷ್ಯವನ್ನು ಮುಸ್ಲಿಮ್ ಆರೋಪಿಯ ವಿರುದ್ಧ ಒಪ್ಪುತ್ತಿರಲಿಲ್ಲ. ನೆರೆಮನೆಯ ಹಿಂದೂ ಕಣ್ಣಾರೆ ಕಂಡದ್ದೂ ನ್ಯಾಯಾಲಯಕ್ಕೆ ಕಾಣುತ್ತಿರಲಿಲ್ಲ. ಕೊಲೆಯಾದವನ ವಾರಸುದಾರರು ಕ್ಷಮಿಸಿದರೆ ಮೊಕದ್ದಮೆ ಮುಗಿಯುತ್ತಿತ್ತು. ಕ್ಷಮೆ ದೊಡ್ಡ ಗುಣ, ಆದರೆ ಬಡ ವಾರಸುದಾರನ ಕ್ಷಮೆಯನ್ನು ಬಲಾಢ್ಯ ಕೊಲೆಗಾರ ಹೆದರಿಸಿ ಪಡೆಯಲೂ ಆಗುತ್ತಿತ್ತು. 1790ರಿಂದ ಮುಂದೆ ಕಾರ್ನ್‌ವಾಲಿಸ್ ಇವೆರಡನ್ನೂ ತೆಗೆದುಹಾಕಿದರು, ಅಂಗಚ್ಛೇದಕ್ಕೆ ಬದಲಾಗಿ ಸೆರೆವಾಸ ತಂದರು. ಆ ತಿದ್ದುಪಡಿಗಳಲ್ಲಿ ಒಳಿತಿರಲಿಲ್ಲವೆಂದು ನಾನು ಹೇಳಲಾರೆ. ಖಾಝಿ, ಮುಫ್ತಿಗಳು ನ್ಯಾಯಾಲಯದಲ್ಲಿ ಫತ್ವಾ ಕೊಡುವ ಪದ್ಧತಿ ಮೆಲ್ಲಮೆಲ್ಲನೆ ಕ್ಷೀಣಿಸಿತು. 1860ರ ಭಾರತೀಯ ದಂಡ ಸಂಹಿತೆ 1862ರ ಜನವರಿ 1ರಿಂದ ಜಾರಿಗೆ ಬಂದ ಮೇಲೆ ಆ ಅಧ್ಯಾಯ ಮುಗಿಯಿತು.

ಹೊಸ ಸಂಹಿತೆ ಬಂದ ಮೇಲೆ ಎಲ್ಲರಿಗೂ ಒಂದೇ ನ್ಯಾಯ ಸಿಕ್ಕಿತೇ? ಅದಕ್ಕೆ ಸ್ವಲ್ಪ ಮುಂಚೆ, 1858ರಲ್ಲಿ, ಬಹಾದುರ್ ಷಾ ಝಫರ್‌ರನ್ನು ಕೆಂಪುಕೋಟೆಯ ಅವರದೇ ಅರಮನೆಯಲ್ಲಿ ಸೈನ್ಯಾಧಿಕಾರಿಗಳ ಆಯೋಗ ವಿಚಾರಣೆ ಮಾಡಿ ರಂಗೂನಿಗೆ ಗಡೀಪಾರು ಮಾಡಿತು. 1908ರಲ್ಲಿ ಮುಂಬಯಿಯಲ್ಲಿ ತಿಲಕರ ರಾಜದ್ರೋಹದ ವಿಚಾರಣೆಗೆ ಕೂತ ಒಂಬತ್ತು ಜ್ಯೂರಿಗಳಲ್ಲಿ ಏಳು ಮಂದಿ ಯುರೋಪಿಯನ್ನರು. ಏಳಕ್ಕೆ ಎರಡರ ಬಹುಮತದಲ್ಲಿ ತಪ್ಪಿತಸ್ಥರೆಂದು ನಿರ್ಣಯವಾಯಿತು, ಆರು ವರ್ಷ ಮಂಡಾಲೆ. ಇಂಥಲ್ಲೆಲ್ಲ ಸಂಶಯದ ಲಾಭ ಯಾರಿಗೆ ಎಂದು ಕೇಳುವುದೇ ವ್ಯರ್ಥ, ಪೀಠ ಹಾಕುವಾಗಲೇ ಉತ್ತರ ಸಿದ್ಧವಾಗಿತ್ತು.

ಆದರೂ ಆ ಕಾಲದ ಒಂದು ಕಾನೂನನ್ನು ಮೆಚ್ಚಲೇಬೇಕು. ಪೊಲೀಸ್ ಅಧಿಕಾರಿಯ ಮುಂದೆ ಆರೋಪಿ ಮಾಡಿದ ತಪ್ಪೊಪ್ಪಿಗೆಯನ್ನು ಅವನ ವಿರುದ್ಧ ಸಾಬೀತುಪಡಿಸುವಂತಿಲ್ಲವೆಂದು 1872ರ ಸಾಕ್ಷ್ಯ ಅಧಿನಿಯಮದ 25ನೆಯ ಕಲಂ ಹೇಳಿತು. ಠಾಣೆಯೊಳಗೆ ತಪ್ಪೊಪ್ಪಿಗೆ ಹೇಗೆ ಹೊರಡುತ್ತದೆಂಬುದು ಇಂಗ್ಲಿಷ್ ಸರ್ಕಾರಕ್ಕೂ ಗೊತ್ತಿತ್ತು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲೂ ಈ ನಿಯಮ ಉಳಿದಿದೆ. ಸ್ವತಂತ್ರ ಭಾರತದಲ್ಲಿ 1987ರ ಟಾಡಾ ಮತ್ತು 2002ರ ಪೋಟಾ ಕಾಯ್ದೆಗಳು ಈ ತಡೆಯನ್ನು ಸಡಿಲಿಸಿ, ಎಸ್‌ಪಿ ದರ್ಜೆಯ ಅಧಿಕಾರಿಯ ಮುಂದಿನ ಹೇಳಿಕೆಯನ್ನು ಸಾಕ್ಷ್ಯವಾಗಿಸಿದವು. ಆ ಎರಡೂ ಈಗಿಲ್ಲ. ಕರ್ನಾಟಕದ 2000ದ ಸಂಘಟಿತ ಅಪರಾಧಗಳ ನಿಯಂತ್ರಣ ಕಾಯ್ದೆಯಲ್ಲಿ ಇಂತಹ ಅವಕಾಶ ಇಂದಿಗೂ ಇದೆ.

ತಡೆ ಸಡಿಲವಾದರೆ ಏನಾಗುತ್ತದೆ? 2002ರ ಸೆಪ್ಟೆಂಬರ್‌ನಲ್ಲಿ ಗಾಂಧಿನಗರದ ಅಕ್ಷರಧಾಮ ದೇವಾಲಯಕ್ಕೆ ಇಬ್ಬರು ಭಯೋತ್ಪಾದಕರು ನುಗ್ಗಿ ಮೂವತ್ತಕ್ಕೂ ಹೆಚ್ಚು ಜನರನ್ನು ಕೊಂದರು. ಪ್ರಾರ್ಥನೆಗೆ ಬಂದ ಹೆಂಗಸರು ಮಕ್ಕಳು ಸತ್ತರು. ಆ ಪಾಪಕ್ಕೆ ಯಾವ ಮಾತಿನ ಸಮರ್ಥನೆಯೂ ಇಲ್ಲ. ಸಂಚು ಮಾಡಿದರೆಂದು ಆರು ಮಂದಿಯ ಮೇಲೆ ಪೋಟಾ ಹಾಕಲಾಯಿತು. 2006ರಲ್ಲಿ ವಿಶೇಷ ನ್ಯಾಯಾಲಯ ಆರೂ ಮಂದಿಯನ್ನು ಶಿಕ್ಷಿಸಿ, ಅವರಲ್ಲಿ ಮೂವರಿಗೆ ಮರಣದಂಡನೆ ವಿಧಿಸಿತು, 2010ರಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. 2014ರ ಮೇ 16ರಂದು ಸುಪ್ರೀಂ ಕೋರ್ಟ್ ಆರೂ ಮಂದಿಯನ್ನು ಬಿಡುಗಡೆ ಮಾಡಿತು. ತಪ್ಪೊಪ್ಪಿಗೆಗಳನ್ನು ನಂಬಲಾಗದೆಂದಿತು. ಇನ್ನೊಂದು ಸಾಕ್ಷ್ಯ ಹೀಗಿತ್ತು. ಸತ್ತ ದಾಳಿಕೋರರ ಪ್ಯಾಂಟಿನ ಜೇಬಿನಲ್ಲಿ ಎರಡು ಉರ್ದು ಪತ್ರಗಳು ಸಿಕ್ಕವು, ಅವನ್ನು ಆರೋಪಿಗಳಲ್ಲೊಬ್ಬ ಬರೆದದ್ದು ಎಂದು ಪ್ರಾಸಿಕ್ಯೂಷನ್ ವಾದ. ಆ ದೇಹಗಳು ಗುಂಡೇಟಿನಿಂದ ಜರ್ಜರಿತವಾಗಿದ್ದವು, ಬಟ್ಟೆ ರಕ್ತದಲ್ಲಿ ತೊಯ್ದಿತ್ತು. ಪತ್ರಗಳ ಮೇಲೆ ಮಾತ್ರ ಒಂದು ರಕ್ತದ ಕಲೆ ಇಲ್ಲ, ಒಂದು ತೂತಿಲ್ಲ! ಇದು ಕಾಣಲು ಕಾನೂನಿನ ಪದವಿ ಬೇಕಿಲ್ಲ, ಅಗಸರ ಅಂಗಡಿಯಲ್ಲಿ ಕೆಲಸ ಮಾಡುವ ಹುಡುಗನಿಗೂ ಹೊಳೆಯುತ್ತದೆ. ಎರಡು ನ್ಯಾಯಾಲಯಗಳು ಅದನ್ನು ದಾಟಿ ಹೋದವು. ಮೂರನೆಯದೂ ದಾಟಿದ್ದರೆ ಮೂವರ ಕೊರಳಿಗೆ ಹಗ್ಗ ಬೀಳುತ್ತಿತ್ತು. ಅಕ್ಷರಧಾಮದಲ್ಲಿ ತಮ್ಮವರನ್ನು ಕಳೆದುಕೊಂಡವರಿಗಾದರೂ ಇದರಿಂದ ಏನು ಸಿಕ್ಕಿತು?

ಈಗ ಶಿಕ್ಷೆಯ ಪ್ರಮಾಣದ ಮಾತು. 1898ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಕೊಲೆಗೆ ಮರಣದಂಡನೆ ಕೊಡದಿದ್ದರೆ, ಏಕೆ ಕೊಡಲಿಲ್ಲವೆಂದು ನ್ಯಾಯಾಧೀಶರು ಕಾರಣ ಬರೆಯಬೇಕಿತ್ತು. 1955ರಲ್ಲಿ ಆ ನಿಯಮ ಹೋಯಿತು. 1973ರ ಸಂಹಿತೆ ಅದನ್ನು ಪೂರ್ತಿ ತಿರುವಿ ಹಾಕಿತು. ಗಲ್ಲು ಕೊಡುವುದಾದರೆ ವಿಶೇಷ ಕಾರಣ ಬರೆಯಬೇಕು. ತಪ್ಪಿತಸ್ಥನೆಂದು ತೀರ್ಪಾದ ಮೇಲೆ ಶಿಕ್ಷೆಯ ಬಗ್ಗೆ ಆರೋಪಿಯ ಮಾತನ್ನು ಪ್ರತ್ಯೇಕವಾಗಿ ಕೇಳಬೇಕು. ಉಮರ್(ರ)ರವರ ಆ ಎರಡನೆಯ ಪ್ರಶ್ನೆಗೆ ನಮ್ಮ ಕಾನೂನಿನಲ್ಲಿ ಒಂದು ಕಲಂ ಸಿಕ್ಕಿತು. 1980ರಲ್ಲಿ ಬಚ್ಚನ್ ಸಿಂಗ್ ಪ್ರಕರಣದಲ್ಲಿ ಸಂವಿಧಾನ ಪೀಠವು, ಅಪರೂಪದಲ್ಲಿ ಅಪರೂಪದ ಪ್ರಕರಣಕ್ಕೆ ಮಾತ್ರ ಗಲ್ಲು, ಅಪರಾಧವನ್ನಷ್ಟೇ ಅಲ್ಲ ಅಪರಾಧಿಯನ್ನೂ ನೋಡಬೇಕು ಎಂದಿತು.

ಕಾನೂನು ಸರಿಯಾಗಿದ್ದರೆ ಸಾಲದು. 1996ರ ರಾವ್‌ಜಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನದೇ ಚಿಕ್ಕ ಪೀಠವೊಂದು, ಅಪರಾಧದ ಸ್ವರೂಪವೇ ಮುಖ್ಯ, ಅಪರಾಧಿಯಲ್ಲ ಎಂಬರ್ಥದ ತೀರ್ಪು ಕೊಟ್ಟಿತು. ಬೇರೆ ಪೀಠಗಳು ಅದನ್ನು ಅನುಸರಿಸಿದವು. ಹದಿಮೂರು ವರ್ಷದ ನಂತರ, 2009ರಲ್ಲಿ, ಅದು 1980ರ ತೀರ್ಪಿಗೆ ವಿರುದ್ಧವಾಗಿತ್ತೆಂದು ನ್ಯಾಯಾಲಯವೇ ಒಪ್ಪಿಕೊಂಡಿತು. ಆ ತಪ್ಪಿನ ನೆರಳಿನಲ್ಲಿ ಗಲ್ಲು ಶಿಕ್ಷೆಗೆ ಗುರಿಯಾಗಿದ್ದ ಹದಿಮೂರು ಕೈದಿಗಳ ಪ್ರಾಣ ಉಳಿಸಬೇಕೆಂದು 2012ರಲ್ಲಿ ಹದಿನಾಲ್ಕು ಮಂದಿ ನಿವೃತ್ತ ನ್ಯಾಯಾಧೀಶರು ರಾಷ್ಟ್ರಪತಿಯವರಿಗೆ ಮನವಿ ಮಾಡಿದರು. ಆದರೆ ಇಬ್ಬರನ್ನು ಅದಾಗಲೇ ಗಲ್ಲಿಗೇರಿಸಿ ಆಗಿತ್ತು. ಜೈಲಿನಲ್ಲಿರುವವನಿಗೆ ನ್ಯಾಯಾಲಯ ತನ್ನ ತಪ್ಪನ್ನು ತಿದ್ದಿ ಹೇಳಬಹುದು, ಕಬರಿಗೆ ಹೋದವನಿಗೆ ಏನು ಹೇಳುವುದು? 2022ರಲ್ಲಿ ಮನೋಜ್ ಪ್ರಕರಣದಲ್ಲಿ, ಗಲ್ಲು ಕೇಳುವ ಸರ್ಕಾರವೇ ಆರೋಪಿಯ ಮಾನಸಿಕ ಸ್ಥಿತಿ, ಹಿನ್ನೆಲೆ, ಜೈಲಿನ ನಡತೆಗಳ ವರದಿಯನ್ನು ಮೊದಲ ಹಂತದಲ್ಲೇ ತರಬೇಕೆಂದು ಸುಪ್ರೀಂ ಕೋರ್ಟ್ ನಿರ್ದೇಶಿಸಿತು. ತಡವಾದರೂ ಒಳ್ಳೆಯದು.

ಇದುವರೆಗೆ ನೀವೆಲ್ಲ ತಲೆದೂಗುತ್ತಿದ್ದೀರಿ. ಈಗ ಒಂದು ಕಹಿ ಮಾತು ಹೇಳುತ್ತೇನೆ. 2019ರ ಡಿಸೆಂಬರ್ 6ರ ನಸುಕಿನಲ್ಲಿ ಹೈದರಾಬಾದ್ ಬಳಿ, ಪಶುವೈದ್ಯೆಯೊಬ್ಬರ ಅತ್ಯಾಚಾರ ಮತ್ತು ಕೊಲೆಯ ನಾಲ್ವರು ಆರೋಪಿಗಳನ್ನು ಪೊಲೀಸರು ಸ್ಥಳ ಪರಿಶೀಲನೆಗೆಂದು ಕರೆದೊಯ್ದು ಗುಂಡಿಟ್ಟು ಕೊಂದರು. ಜನ ಪೊಲೀಸರ ಮೇಲೆ ಹೂ ಸುರಿದರು, ಸಿಹಿ ಹಂಚಿದರು. ಅಂದು ನಿಮ್ಮಲ್ಲಿ ಎಷ್ಟು ಜನರ ಮೊಬೈಲಿನಲ್ಲಿ, ನಿಮ್ಮ ಮನೆಯ ಹಿರಿಯರ ಮೊಬೈಲಿನಲ್ಲಿ ಆ ಸಂಭ್ರಮದ ಸಂದೇಶಗಳು ಓಡಾಡಿದವು? ನನಗೂ ಬಂದಿದ್ದವು, ಕಳುಹಿಸಿದವರಲ್ಲಿ ಐದು ಹೊತ್ತು ನಮಾಝಿನವರೂ ಇದ್ದರು. ಸುಪ್ರೀಂ ಕೋರ್ಟ್ ನೇಮಿಸಿದ ನಿವೃತ್ತ ನ್ಯಾಯಮೂರ್ತಿ ಸಿರ್ಪುರ್ಕರ್ ಆಯೋಗದ ವರದಿ 2022ರಲ್ಲಿ ಹೊರಬಂತು. ಆಯುಧ ಕಸಿದುಕೊಂಡರೆಂಬ ಪೊಲೀಸರ ಕಥೆ ನಂಬಲರ್ಹವಲ್ಲ, ಕೊಲ್ಲುವ ಉದ್ದೇಶದಿಂದಲೇ ಗುಂಡು ಹಾರಿಸಲಾಗಿದೆ, ನಾಲ್ವರಲ್ಲಿ ಮೂವರು ಅಪ್ರಾಪ್ತ ವಯಸ್ಕರು ಎಂದು ಅದು ಹೇಳಿತು. ಅವರೇ ಮಾಡಿದ್ದೋ ಅಲ್ಲವೋ, ಯಾವ ನ್ಯಾಯಾಲಯವೂ ಇನ್ನು ಹೇಳಲಾರದು. ಆ ಹೆಣ್ಣುಮಗಳ ತಂದೆತಾಯಿಗೆ ಸಿಗಬೇಕಾಗಿದ್ದ ಸತ್ಯವೂ ಅಲ್ಲೇ ಹೂತುಹೋಯಿತು.

ನಮ್ಮ ಹುಡುಗನನ್ನು ಬಂಧಿಸಿದಾಗ ನಮಗೆ ಸಾಕ್ಷ್ಯ ಬೇಕು, ವಕೀಲ ಬೇಕು, ಸಂಶಯದ ಲಾಭ ಬೇಕು. ನಮಗೆ ಹಿಡಿಸದವನನ್ನು ಬಂಧಿಸಿದಾಗ 'ಇಂಥವರಿಗೆಲ್ಲ ವಿಚಾರಣೆ ಯಾಕೆ?' ಎನ್ನುತ್ತೇವೆ. ಒಂದು ಜನಾಂಗದ ಮೇಲಿನ ದ್ವೇಷವು ನಿಮ್ಮನ್ನು ನ್ಯಾಯದಿಂದ ಸರಿಸದಿರಲಿ ಎಂದು ಪವಿತ್ರ ಕುರ್‌ಆನಿನ ಐದನೆಯ ಅಧ್ಯಾಯದ ಎಂಟನೆಯ ಸೂಕ್ತ ಆದೇಶಿಸುವುದು ಯಾರಿಗೆ? ಸತ್ಯವಿಶ್ವಾಸಿಗಳೇ ಎಂದು ಕರೆದು ನಮಗೆ.

ಕೊನೆಯದಾಗಿ, ತೀರ್ಪೇ ಇಲ್ಲದೆ ಶಿಕ್ಷೆ ಅನುಭವಿಸುವವರ ವಿಷಯ. 2022ರ ಕೊನೆಯಲ್ಲಿ ದೇಶದ ಜೈಲುಗಳಲ್ಲಿದ್ದ 5,73,220 ಕೈದಿಗಳಲ್ಲಿ 4,34,302 ಮಂದಿ ವಿಚಾರಣಾಧೀನರು. ನಾಲ್ವರಲ್ಲಿ ಮೂವರು! ಕಾನೂನಿನ ಕಣ್ಣಲ್ಲಿ ಅವರಿನ್ನೂ ನಿರಪರಾಧಿಗಳು. ಜನಸಂಖ್ಯೆಯಲ್ಲಿ ನಮ್ಮ ಪಾಲು 2011ರ ಜನಗಣತಿಯಂತೆ ಶೇಕಡಾ 14.2, ಈ ವಿಚಾರಣಾಧೀನರಲ್ಲಿ ಅದಕ್ಕಿಂತ ಹೆಚ್ಚು. ದಲಿತರ, ಆದಿವಾಸಿಗಳ ಕಥೆಯೂ ಇದೇ.

1979ರಲ್ಲಿ ಬಿಹಾರದ ಜೈಲುಗಳ ಸ್ಥಿತಿ ಪತ್ರಿಕೆಯಲ್ಲಿ ಪ್ರಕಟವಾದಾಗ ಕಪಿಲಾ ಹಿಂಗೋರಾನಿ ಎಂಬ ವಕೀಲೆ ಸುಪ್ರೀಂ ಕೋರ್ಟಿಗೆ ಹೋದರು. ಆ ಮೊಕದ್ದಮೆಯ ಹೆಸರು ಹುಸೈನಾರಾ ಖಾತೂನ್ ವಿರುದ್ಧ ಬಿಹಾರ ರಾಜ್ಯ. ಅಪರಾಧ ಸಾಬೀತಾದರೂ ಸಿಗುತ್ತಿದ್ದ ಗರಿಷ್ಠ ಶಿಕ್ಷೆಗಿಂತ ಹೆಚ್ಚು ಕಾಲ ವಿಚಾರಣೆಯೇ ಇಲ್ಲದೆ ಕೊಳೆಯುತ್ತಿದ್ದವರು ಅಲ್ಲಿದ್ದರು. ಶೀಘ್ರ ವಿಚಾರಣೆಯು ಸಂವಿಧಾನದ 21ನೆಯ ಅನುಚ್ಛೇದದಡಿ ಮೂಲಭೂತ ಹಕ್ಕೆಂದು ನ್ಯಾಯಮೂರ್ತಿ ಭಗವತಿಯವರ ಪೀಠ ಘೋಷಿಸಿತು. ಜೈಲಿನಲ್ಲಿದ್ದ ಒಬ್ಬ ಬಡ ಮುಸ್ಲಿಮ್ ಹೆಣ್ಣಿನ ಹೆಸರು ಇಂದು ದೇಶದ ಪ್ರತಿ ಕಾನೂನು ಕಾಲೇಜಿನ ಪಾಠದಲ್ಲಿದೆ.

ಜಾಮೀನು ಮಂಜೂರಾದರೂ ಹೊರಬರಲಾರದವರಿದ್ದಾರೆ. 1978ರಲ್ಲಿ ಮಧ್ಯಪ್ರದೇಶದ ಮೋತಿರಾಮ್ ಎಂಬ ಗಾರೆ ಕೆಲಸಗಾರನಿಗೆ ಮ್ಯಾಜಿಸ್ಟ್ರೇಟರು ಹತ್ತು ಸಾವಿರದ ಜಾಮೀನು ಕೇಳಿದರು. ಜಾಮೀನು ನಿಲ್ಲಲು ಬಂದ ಸಹೋದರನ ಆಸ್ತಿ ಬೇರೆ ಜಿಲ್ಲೆಯಲ್ಲಿದೆಯೆಂದು ತಿರಸ್ಕರಿಸಿದರು. ಕೂಲಿಯವನ ಮೊಕದ್ದಮೆ ದೆಹಲಿಯವರೆಗೆ ಹೋಗಬೇಕಾಯಿತು. ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವನದೇ ಒಂದು ಸಾವಿರ ರೂಪಾಯಿಯ ಮುಚ್ಚಳಿಕೆ ಬರೆಸಿಕೊಂಡು ಬಿಡಿಸಿದರು.

ನಲವತ್ತು ವರ್ಷ ಕಳೆದರೂ ನಾನು ಅದನ್ನೇ ಕಂಡಿದ್ದೇನೆ. ಕಳ್ಳತನದ ಆರೋಪದಲ್ಲಿ ಸಿಕ್ಕಿದ ನನ್ನ ಒಬ್ಬ ಕಕ್ಷಿದಾರನಿಗೆ ಜಾಮೀನು ಆದೇಶವಾದ ಮೇಲೂ ನಾಲ್ಕು ತಿಂಗಳು ಬಿಡುಗಡೆಯಾಗಲಿಲ್ಲ. ಪಹಣಿ ಕೊಡುವವರಿಲ್ಲ. ತಾಯಿ ಜಮಾಅತಿನ ಎಷ್ಟೋ ಮನೆಗಳ ಮೆಟ್ಟಿಲು ಹತ್ತಿದರು. 'ಅವನ ಹೆಸರು ಕೆಟ್ಟಿದೆ, ನಮಗ್ಯಾಕೆ ಉಸಾಬರಿ' ಎಂದರು ಹೆಚ್ಚಿನವರು. ಕೊನೆಗೆ ಪಹಣಿ ಹಿಡಿದುಕೊಂಡು ಕೋರ್ಟಿಗೆ ಬಂದದ್ದು ಅವನು ಹಿಂದೆ ಅಡಿಕೆ ಸುಲಿಯಲು ಹೋಗುತ್ತಿದ್ದ ತೋಟದ ಭಟ್ಟರು. ಎರಡು ವರ್ಷದ ಮೇಲೆ ಅವನು ನಿರ್ದೋಷಿಯೆಂದು ಬಿಡುಗಡೆಯಾದ. ಆಗ ಅದೇ ಮನೆಗಳವರು, 'ನಮಗೆ ಮೊದಲೇ ಗೊತ್ತಿತ್ತು ವಕೀಲರೇ' ಎಂದರು. ಈ 'ಗೊತ್ತಿತ್ತು' ಎಂಬುದನ್ನು ಏನು ಮಾಡಲಿ!

ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೆಯ ಕಲಂ ಇದೆ. ಗಲ್ಲು ಅಥವಾ ಜೀವಾವಧಿ ಶಿಕ್ಷೆಯ ಅಪರಾಧಗಳನ್ನು ಬಿಟ್ಟು ಬೇರೆ ಆರೋಪವಿರುವವನು, ಹಿಂದೆಂದೂ ಶಿಕ್ಷೆಯಾಗದವನಾಗಿದ್ದರೆ, ಗರಿಷ್ಠ ಶಿಕ್ಷೆಯ ಮೂರನೆಯ ಒಂದು ಭಾಗ ಕಳೆದ ಮೇಲೆ ಮುಚ್ಚಳಿಕೆಯ ಮೇಲೆ ಬಿಡುಗಡೆಗೆ ಅರ್ಹ. ಇತರರಿಗೆ ಅರ್ಧ. ಬೇರೆ ಪ್ರಕರಣಗಳೂ ಬಾಕಿ ಇದ್ದರೆ ಇದು ಸಿಗುವುದಿಲ್ಲ. ಹೊಸ ಸಂಹಿತೆ ಬರುವ ಮೊದಲಿನ ಪ್ರಕರಣಗಳಿಗೂ ಇದು ಅನ್ವಯವೆಂದು 2024ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದರೆ ಒಳಗಿರುವವನಿಗೆ ಇದನ್ನು ಹೇಳುವವರು ಯಾರು, ದಿನ ಲೆಕ್ಕ ಹಾಕುವವರು ಯಾರು? ಬಂಧನದಲ್ಲಿರುವ ಯಾರಿಗೇ ಆಗಲಿ, ಆದಾಯ ಎಷ್ಟೇ ಇರಲಿ, ಉಚಿತ ವಕೀಲರನ್ನು ಪಡೆಯುವ ಹಕ್ಕಿದೆ. ತಾಲ್ಲೂಕು ಕಾನೂನು ಸೇವೆಗಳ ಸಮಿತಿ ನಿಮ್ಮ ಕೋರ್ಟಿನ ಆವರಣದಲ್ಲೇ ಇರುತ್ತದೆ, 15100ಕ್ಕೆ ಫೋನ್ ಮಾಡಿದರೂ ಆಗುತ್ತದೆ. ಬಂಧಿಸಿದ ಇಪ್ಪತ್ತನಾಲ್ಕು ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕೆಂಬುದು ಸಂವಿಧಾನದ ಮಾತು. ಆ ಇಪ್ಪತ್ತನಾಲ್ಕು ಗಂಟೆಯಲ್ಲಿ ಠಾಣೆಗೆ ಹೋಗಿ ಕೇಳುವ ಒಬ್ಬ ವಕೀಲನಿದ್ದರೆ ಮುಂದಿನ ಎರಡು ವರ್ಷದ ಗತಿಯೇ ಬದಲಾಗಬಹುದು.

ಸಂಘದ ಹಿರಿಯರಲ್ಲಿ ನನ್ನದೊಂದು ವಿನಂತಿ. ಇಂದು ಬೆಳಿಗ್ಗೆ ವಿದ್ಯಾರ್ಥಿವೇತನ ವಿತರಿಸಿದಿರಿ, ಸಂತೋಷ. ಇಂಜಿನಿಯರಿಂಗ್, ಮೆಡಿಕಲ್, ಫಾರ್ಮಸಿ ಎಂದು ಕರೆಯುತ್ತಾ ಹೋದಿರಿ. ಕಾನೂನು ಓದುವವರೆಂದು ವೇದಿಕೆಗೆ ಬಂದದ್ದು ಒಬ್ಬಳೇ ಹುಡುಗಿ. ಬರುವ ವರ್ಷ ಎಲ್‌ಎಲ್‌ಬಿಗೆ ಐದು ವಿದ್ಯಾರ್ಥಿವೇತನಗಳನ್ನು ಮೀಸಲಿಡಿ. ಅವರು ಕ್ರಿಮಿನಲ್ ಕೋರ್ಟಿಗೇ ಬರಲಿ, ಯಾವ ಧರ್ಮದವನೇ ಕಟಕಟೆಯಲ್ಲಿರಲಿ ಅವನ ಪಕ್ಕ ನಿಲ್ಲಲಿ. ಸರ್ಕಾರಿ ಅಭಿಯೋಜಕರಾಗಲಿ, ನ್ಯಾಯಾಧೀಶರಾಗಲಿ, ಅದೂ ಬೇಕು. ಹಾಗೆಯೇ ಜಾಮೀನು ನಿಲ್ಲಲು ಸಿದ್ಧರಿರುವ ಹತ್ತು ಮಂದಿ ಪಹಣಿದಾರರ ಪಟ್ಟಿಯೊಂದನ್ನು ಸಂಘದ ಕಚೇರಿಯಲ್ಲಿ ಇಡಿ. ಅದರಲ್ಲಿ ಮೊದಲ ಹೆಸರಾಗಿ ನನ್ನದನ್ನು ಬರೆದುಕೊಳ್ಳಿ, ಹನ್ನೆರಡು ಸೆಂಟ್ಸ್ ಜಾಗ ನನಗೂ ಇದೆ.

ಬೆಳಿಗ್ಗೆ ಬಾಗಿಲಲ್ಲಿ ಪ್ರಶ್ನೆ ಕೇಳಿದ ಹುಡುಗ ಎಲ್ಲಿ ಕೂತಿದ್ದಾನೋ ಕಾಣುತ್ತಿಲ್ಲ. ಊಟಕ್ಕೆ ಮೊದಲು ಹತ್ತು ನಿಮಿಷವಿದೆ, ಪ್ರಶ್ನೆಗಳಿದ್ದರೆ ಕೇಳಿ.